ಬಾಯಾರಿದ ರೇಡಿಯೋ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಚಿಕ್ಕಂದಿನಲ್ಲಿ ಗುಡವಿಯ ಕೆರೆಯಲ್ಲಿ ಕಂಡೆನೆಂದು ಗೆಳೆಯರ ಮುಂದೆ ವರ್ಣಿಸುತ್ತಿದ್ದ ಕೆಂಪು ಕಾಲಿನ ಕೊಕ್ಕರೆ, ಆಮೇಲೆ ವಿಚಾರಿಸಿದರೆ, ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿತ್ತು. ಅಂದಿನಿಂದ ಡೈರಿ ಬರೆಯುತ್ತೇನೆ. ಹಾಗಾಗಿ, ಅಪ್ಪ ನನ್ನ ಕೈಗೆ ಚೊಂಬು ಕೊಟ್ಟು ‘ರೇಡಿಯೋಕ್ಕ ನೀರು ಹಾಕಿ ಬಾ’ ಎನ್ನುತ್ತಿದ್ದರೆಂಬ ನೆನಪೊಂದು ಆಗಾಗ ಬಂದು ನಿಂತಾಗ, ಅದನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಿದ್ದೆ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನು ಇಂಥದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳಬಾರದು.

ಆ ರೇಡಿಯೋ ಅಪ್ಪ ಕೊಂಡದ್ದು. ಮರದ ಪೆಟ್ಟಿಗೆ, ಒಳಗೆ ಕೆಂಪಗೆ ಬೆಳಗುವ ಗಾಜಿನ ವಾಲ್ವುಗಳು, ಗುಂಡಿ ತಿರುಗಿಸಿದ ಮೇಲೂ ಒಂದು ನಿಮಿಷ ಯೋಚಿಸಿಯೇ ಮಾತಾಡುವ ಗತ್ತು. ಅಪ್ಪ ಹೋದ ಮೇಲೆ ಅದು ಶಿಕಾರಿಪುರದ ಮನೆಯಲ್ಲಿ ನನ್ನ ಬಳಿಯೇ ಉಳಿಯಿತು. ಜಡೆ ಎಂಬ ಊರಿಗೆ ಮದುವೆಯಾಗಿ ಹೋದ ಅಕ್ಕನಿಗೆ ಇದು ಒಪ್ಪಿಗೆಯಿರಲಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ರೇಡಿಯೋ ಗೊರಗೊರ ಎನ್ನತೊಡಗಿದ ಸುದ್ದಿ ಯಾವುದೋ ಬಸ್ಸು ಹತ್ತಿ ಅವಳನ್ನು ತಲುಪಿತು. ಹೇಳಿ ಕಳಿಸಿದಳು: ‘ಭಾನುವಾರ ಬರ್ತೀನಿ. ಅಷ್ಟ್ರಾಗ ಸರಿ ಮಾಡಿದ್ರೆ ನಿಂದು. ಇಲ್ದಿದ್ರೆ ನಾನು ಒಯ್ತೀನಿ.’

ನನಗೆ ಐದು ದಿನಗಳಿದ್ದವು. ಹಿಂಬದಿಯ ರಟ್ಟು ತೆಗೆದು, ಧೂಳು ಊದಿ, ವಾಲ್ವುಗಳನ್ನು ಒಂದೊಂದಾಗಿ ಒರೆಸಿ ಕೂರಿಸಿದೆ. ಗೊರಗೊರ ನಿಲ್ಲಲಿಲ್ಲ. ಪೇಟೆಯ ರಿಪೇರಿಯವರು ‘ಇದಕ್ಕ ಪಾರ್ಟು ಸಿಗಲ್ಲ ಸಾರ್, ಟಿವಿ ತಗೊಳ್ರಿ’ ಎಂದರು. ನನ್ನ ಹೆಂಡತಿ ಊಟದ ತಟ್ಟೆಗೂ ಜಾಗವಿಲ್ಲದ ಮೇಜನ್ನು ನೋಡಿ, ‘ಬಿಚ್ಚೋದಕ್ಕ ಎಂಎಸ್ಸಿ ಸಾಕಾತು. ಜೋಡ್ಸೋದಕ್ಕ ಪಿಎಚ್‌ಡಿ ಬೇಕೇನ್ರಿ?’ ಎಂದಳು.

ಸದ್ದು ಕೆಡದಿರಲೆಂದು ರೇಡಿಯೋದಿಂದ ನೆಲಕ್ಕಿಳಿಸುವ ಅರ್ತ್ ತಂತಿ ಕಿಟಕಿ ದಾಟಿ ಹಿತ್ತಲಿನ ಬಾಳೆಯ ಬುಡದಲ್ಲಿ ಹೂತುಹೋಗಿತ್ತು. ಅದನ್ನೂ ಎಳೆದು ನೋಡಿದೆ. ಗಟ್ಟಿಯಾಗಿತ್ತು. ‘ಅರ್ತ್ ಸರಿಯಿದೆ’ ಎಂದು ಡೈರಿಯಲ್ಲಿ ಬರೆದೆ. ಬಾಳೆ ಮಾತ್ರ ಸೊರಗಿತ್ತು. ನಾನು ದೊಡ್ಡವನಾದ ಮೇಲೆ ಅಪ್ಪ ಬಾಳೆಗೆ ಬಿಟ್ಟಿದ್ದ ಬಚ್ಚಲ ನೀರನ್ನು ಸೊಳ್ಳೆಕಾಟವೆಂದು ಹಿಂದಿನ ವರ್ಷ ತಪ್ಪಿಸಿ, ಪೈಪು ಹಾಕಿ ಚರಂಡಿಗೆ ತಿರುಗಿಸಿದವನು ನಾನೇ. ಆದರೆ ಬಾಳೆಯ ಆರೋಗ್ಯ ಭೌತಶಾಸ್ತ್ರಕ್ಕೆ ಸೇರಿದ ವಿಷಯವಲ್ಲವಷ್ಟೆ.

ಭಾನುವಾರ ಅಕ್ಕ ಬಂದಳು. ರೇಡಿಯೋ ಸುತ್ತಲು ಕಂಬಳಿ, ಕಟ್ಟಲು ಹಗ್ಗ, ಎರಡನ್ನೂ ತಂದಿದ್ದಳು. ಗೊರಗೊರವನ್ನು ತೃಪ್ತಿಯಿಂದ ಕೇಳಿ, ಕಂಬಳಿ ಹಾಸಿದಳು. ಆಮೇಲೆ ಯಾಕೋ ಕಿಟಕಿಯಾಚೆ ನೋಡಿದಳು.

‘ನೀರು ಹಾಕೀಯೇನೋ?’

‘ಯಾವುದಕ್ಕ?’

‘ರೇಡಿಯೋಕ್ಕ. ಬ್ಯಾಸಗ್ಯಾಗ ಅಪ್ಪ ನಿನ್ನ ಕೈಲೇ ಹಾಕಿಸ್ತಿದ್ದಿಲ್ಲೇನು?’

ನಾನು ಬಾಗಿಲಲ್ಲೇ ತಡೆದು ಕಳಿಸುತ್ತಿದ್ದ ಆ ನೆನಪು ಈಗ ಸೀದಾ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿತು. ಮಣ್ಣು ಒಣಗಿದರೆ ಅದರಲ್ಲಿ ಹೂತ ಅರ್ತ್ ತಂತಿಯಿಂದ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಒದ್ದೆಯಿದ್ದರೆ ಹರಿಯುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ಅಕ್ಕ ಒಂದು ಕೊಡ ನೀರು ಬಾಳೆಯ ಬುಡಕ್ಕೆ ಸುರಿದಳು. ಕಾದ ನೆಲ ಚುಂಯ್ ಎಂದು ಕುಡಿಯಿತು. ಸ್ವಲ್ಪ ಹೊತ್ತಿಗೆ ಗೊರಗೊರದೊಳಗಿಂದ ಒಬ್ಬರು ಭತ್ತದ ಸಸಿಮಡಿಯ ಬಗ್ಗೆ ಮಾತಾಡುತ್ತಾ ಹೊರಬಂದರು.

‘ಸುಮ್ನಿದ್ದಿದ್ರೆ ರೇಡಿಯೋ ನಿಂದಾಗ್ತಿತ್ತಲ್ಲಕ್ಕ. ಯಾಕ ಹೇಳ್ದಿ?’

‘ನಿನಗ ಗೊತ್ತಿಲ್ಲದ್ದು ನನಗ ಗೊತ್ತೈತಿ ಅಂತ ಹೇಳದಂಗ ಜಡಿಗೆ ಹೋದ್ರೆ, ನನಗ ನಿದ್ದಿ ಬರ್ತದೇನೋ ಮಾರಾಯ?’

ಖಾಲಿ ಕಂಬಳಿ ಮಡಚಿಕೊಂಡು, ಗೆದ್ದವಳ ಗತ್ತಿನಲ್ಲಿ ಬಸ್ಸು ಹತ್ತಿದಳು.

ಆ ದಿನದ ಡೈರಿ ಈಗ ನನ್ನ ಮುಂದಿದೆ. ‘ಐದು ದಿನಗಳ ಶ್ರಮದಿಂದ ರೇಡಿಯೋ ಸರಿಪಡಿಸಿದೆ’ ಎಂದಿದೆ. ನೆನಪಿಗಿಂತ ಡೈರಿಯೇ ಮೇಲೆಂದು ಮೊದಲೇ ಹೇಳಿದ್ದೇನಲ್ಲ, ಆದ್ದರಿಂದ ಇದನ್ನು ನಂಬಲು ನನಗೆ ಅಭ್ಯಂತರವಿಲ್ಲ. ಆದರೆ ಆ ಸಾಲಿನ ಶಾಯಿ ಮಾತ್ರ ಹರಡಿಕೊಂಡಿದೆ. ಬಾಳೆಯ ಬುಡಕ್ಕೆ ಇನ್ನೊಂದು ಚೊಂಬು ನೀರು ಹಾಕಿ ಬಂದವನು ಕೈ ಒರೆಸಿಕೊಳ್ಳದೆ ಬರೆಯಲು ಕೂತಿರಬೇಕು.