ದೇಸಾಯಿಯ ಪಿಸ್ತೂಲು ಮತ್ತು ಪರದೆಯ ಹಿಂದಿನ ಬಡೇಬೀ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಖಾಸಿಂಸಾಬರ ಬಂದೂಕಿನ ಅಂಗಡಿ ಇತ್ತು. ಲೈಸೆನ್ಸು ಅವರ ಹೆಸರಲ್ಲಿತ್ತು, ಅತ್ತರು ಹಚ್ಚಿಕೊಂಡು ಗಾದಿಯ ಮೇಲೆ ಕೂರುವವರೂ ಅವರೇ. ಕೆಲಸ ಮಾತ್ರ ಪರದೆಯ ಹಿಂದೆ ನಡೆಯುತ್ತಿತ್ತು. ಸಾಬರ ಎರಡೂ ಕಣ್ಣಿಗೆ ಪೊರೆ ಬಂದು, ಮೊಳೆ ಯಾವುದು ಬೆರಳು ಯಾವುದು ಎಂದು ತಿಳಿಯದಾದಾಗ, ಹೆಂಡತಿ ಬಡೇಬೀ ಅರ ಮತ್ತು ಎಣ್ಣೆಡಬ್ಬಿ ಎಳೆದುಕೊಂಡು ಒಳಗೆ ಕೂತಿದ್ದಳು. ಅವಳು ಕವಿತಾಳದ ಬೀಗ ಮಾಡುವವನ ಮಗಳು. ಬೀಗಕ್ಕೂ ಬಂದೂಕಿಗೂ ಅವಳ ದೃಷ್ಟಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡರೊಳಗೂ ಒಂದು ಸ್ಪ್ರಿಂಗು, ಒಂದು ಕೊಂಡಿ. ಹೊರಗೆ ಒಬ್ಬ ದಡ್ಡ.

ಗಿರಾಕಿ ಏನಾದರೂ ಕೇಳಿದರೆ ಸಾಬರು ಗಡ್ಡ ನೀವಿ ಎರಡು ಸಲ ಕೆಮ್ಮುತ್ತಿದ್ದರು. ಅಷ್ಟರಲ್ಲಿ ಪರದೆಯ ಆಚೆಯಿಂದ ಉತ್ತರ ಪಿಸುಗುಟ್ಟುತ್ತ ಬರುತ್ತಿತ್ತು. ಸಾಬರು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆಯಲ್ಲಿ ಮಾನ್ವಿ ಕಡೆಯ ದೇಸಾಯಿ ವೆಂಕೋಬರಾಯರು ಅಂಗಡಿಗೆ ಬಂದರು. ಕಳ್ಳರ ಹೆದರಿಕೆ ಎಂದು ಅರ್ಜಿ ಬರೆಸಿ ಹೈದರಾಬಾದಿನಿಂದ ಲೈಸೆನ್ಸು ತರಿಸಿದ್ದರು. ನಿಜವಾದ ತೊಂದರೆ ಕಳ್ಳರದ್ದಲ್ಲ, ಹೆಂಡತಿಯ ಅಣ್ಣನದು. ದೇವದುರ್ಗದ ಆ ಭಾವ ಮೂವತ್ತೆಂಟು ಬೋರಿನ ರಿವಾಲ್ವರು ಕೊಂಡಿದ್ದ. ಅಂದಿನಿಂದ ಊಟಕ್ಕೆ ಕೂತಾಗಲೂ ಅದನ್ನು ಎಲೆಯ ಪಕ್ಕದಲ್ಲಿ, ಉಪ್ಪಿನಕಾಯಿ ಬಡಿಸಿದ ಹಾಗೆ ಇಟ್ಟುಕೊಳ್ಳುತ್ತಿದ್ದ.

ಸಾಬರು ಜಮಖಾನೆಯ ಮೇಲೆ ಮೂರು ಆಯುಧ ಹರಡಿದರು. ಒಂದು ಹಳೇ ಫೌಜಿನ ರಿವಾಲ್ವರು, ನಾಲ್ಕುನೂರ ಐವತ್ತೈದರ ಬೋರು. ಬೋರು ಎಂದರೆ ನಳಿಕೆಯ ಬಾಯಿಯ ಅಗಲ; ಇದರದು ಹೆಬ್ಬೆರಳು ತೂರುವಷ್ಟು. ಇನ್ನೊಂದು ಮೂವತ್ತೆರಡು ಬೋರಿನ ಚಪ್ಪಟೆ ಪಿಸ್ತೂಲು. ಮೂರನೆಯದು ಇಪ್ಪತ್ತೈದರದು, ಅಡಕೆ ಚೀಲದಲ್ಲಿ ಅಡಗುವಂಥದ್ದು. ದೇಸಾಯರು ಮಿಕ್ಕೆರಡನ್ನು ನೋಡಲೇ ಇಲ್ಲ. ದೊಡ್ಡದನ್ನೇ ಎತ್ತಿ, ಇದರ ಸಪ್ಪಳ ಎಷ್ಟು ದೂರ ಕೇಳುತ್ತದೆ ಎಂದು ವಿಚಾರಿಸಿದರು.

ಸಾಬರು ಕೆಮ್ಮಿದರು. ಒಳಗಿನಿಂದ ಪಿಸುಮಾತು ಬರಲಿಲ್ಲ. ಬಡೇಬೀ ನೇರವಾಗಿಯೇ ಮಾತಾಡಿದಳು.

“ದೊಡ್ಡ ಗುಂಡು ಬಡದ್ರ ಜೋರು ಬಡಿತದ, ಖರೆ. ಆದ್ರ ಬಡೀಬೇಕಲ್ರೀ ದೇಸಾಯ್ರ. ಮೊದಲನೇದು ಮುಗಲಿಗಿ ಹೋದ್ರ ಎರಡನೇದಕ್ಕ ಕೈ ಕೆಳಗ ಬರೂದಿಲ್ಲ. ನಿಮ್ಮ ಕೈ ತಡಕೊಳ್ಳೂವಷ್ಟು ಬೋರು ತಗೋರಿ.”

ನಂತರ ಸೇರಿನ ಕಲ್ಲೊಂದನ್ನು ಪರದೆಯ ಕೆಳಗಿನಿಂದ ಹೊರಗೆ ಸರಿಸಿ, ಅದನ್ನು ಒಂದೇ ಕೈಯಲ್ಲಿ ಚಾಚಿ ಹಿಡಿಯಲು ಹೇಳಿದಳು. ರಿವಾಲ್ವರು ಅದಕ್ಕಿಂತಲೂ ಭಾರ. ದೇಸಾಯರು ಹಿಡಿದರು. ಹತ್ತು ಎಣಿಸುವುದರೊಳಗೆ ತೋಳು ಹಾವಿನ ಹೆಡೆಯಂತೆ ತೂಗಾಡತೊಡಗಿತು. ಊಟ ಮಾಡಿ ಬಂದಿಲ್ಲ, ಅದಕ್ಕೇ ಎಂದರು. ದೊಡ್ಡದನ್ನೇ ಒಯ್ದರು.

ಮೂರು ದಿನಕ್ಕೆ ತಿರುಗಿ ಬಂದರು. ಹಣೆಯ ಮೇಲೆ ಬೋರೆಹಣ್ಣಿನ ಗಾತ್ರದ ಬಾವು ಎದ್ದಿತ್ತು. ನಡೆದದ್ದನ್ನು ಹೇಳಿದವನು ಅವರ ಬಂಡಿ ಹೊಡೆಯುವ ಹಂಪಣ್ಣ. ಯಾಪಲದಿನ್ನಿ ದಾರಿಯ ಬೀಳು ಹೊಲದಲ್ಲಿ ದೇಸಾಯರು ಜಾಲಿ ಗಿಡಕ್ಕೆ ಗುರಿಯಿಟ್ಟಿದ್ದರಂತೆ. ಗುಂಡು ಬಂಡಿಯಲ್ಲಿದ್ದ ನೀರಿನ ಕೊಡಕ್ಕೆ ತಾಗಿತು. ರಿವಾಲ್ವರು ಮೇಲೆ ಹಾರಿ ಹಣೆಗೆ ಬಡಿಯಿತು. ಒಂದು ಎತ್ತು ನೊಗ ಕಳಚಿಕೊಂಡು ಓಡಿಹೋಗಿ ಮರುದಿನ ಸಿಕ್ಕಿತು. ಜಾಲಿ ಗಿಡ ಈಗಲೂ ಆರೋಗ್ಯವಾಗಿದೆ ಎಂದು ಹಂಪಣ್ಣ ಮುಖ ಬಿಗಿಹಿಡಿದು ಹೇಳಿದ.

ದೇಸಾಯರು ಈ ಸಲ ತೀರ ಚಿಕ್ಕದನ್ನು ಬೇಡಿದರು. ಧೋತರದ ಗಂಟಿನಲ್ಲಿ ಸಿಕ್ಕಿಸಿಕೊಳ್ಳುವ ಆಸೆ. ಅದರ ಖಟಕಾ, ಎಂದರೆ ಬೆರಳಿನಿಂದ ಎಳೆಯುವ ಕುದುರೆ ಜರುಗದಂತೆ ತಡೆಯುವ ಕೊಂಡಿ, ಸಡಿಲವಾಗಿದೆ. ಅರಿವೆಗೆ ಉಜ್ಜಿದರೂ ಜಾರುತ್ತದೆ ಎಂದಳು ಬಡೇಬೀ.

“ಅಲ್ಲಿ ಇಟ್ಕೊಂಡ್ರ ನಿಮ್ಮ ಮನಿತನ ನಿಮ್ಮ ಕೂಡೇ ಮುಗೀತದ ನೋಡ್ರಿ,” ಎಂದೂ ಸೇರಿಸಿದಳು. ಗಾದಿಯ ಮೇಲಿದ್ದ ಸಾಬರು ಇದನ್ನು ಮಾತ್ರ ಗಟ್ಟಿಯಾಗಿ ತಿರುಗಿ ಹೇಳಲಿಲ್ಲ.

ಉಳಿದದ್ದು ಮೂವತ್ತೆರಡರದು. ಅದಕ್ಕೆ ಎರಡು ತಡೆಗಳಿದ್ದವು. ಹೆಬ್ಬೆರಳಿನಿಂದ ಸರಿಸುವ ಖಟಕಾ ಒಂದು. ಇನ್ನೊಂದು ಹಿಡಿಕೆಯ ಹಿಂದಿನ ಪಟ್ಟಿ. ಮುಷ್ಟಿ ಬಿಗಿದು ಅದನ್ನು ಒತ್ತಿದ ಹೊರತು ಗುಂಡು ಹಾರುವುದಿಲ್ಲ. ಎರಡು ತಡೆ ಎಂದರೆ ಹೇಡಿಗಳ ಆಯುಧವೇ ಎಂದು ದೇಸಾಯರಿಗೆ ಅನುಮಾನ. ಭಾವನ ರಿವಾಲ್ವರಿಗೆ ಒಂದೂ ಇಲ್ಲ! ಅದರ ಕುದುರೆಯೇ ಬಿಗಿ, ಉದ್ದಕ್ಕೆ ಎಳೆಯಬೇಕು, ಆ ಬಿಗಿಯೇ ಅದರ ತಡೆ ಎಂದು ಬಡೇಬೀ ತಿಳಿಸಿದಳು. ಆಮೇಲೆ ತಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದಳು. ಕೆಳಗಿನ ಗುಂಡಿನ ಡಬ್ಬಿ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ; ನಳಿಕೆಯ ಬುಡದಲ್ಲಿ ಒಂದು ಕಾಡತೂಸು ಉಳಿದಿರಬಹುದು. ಮೇಲಿನ ಭಾಗ ಹಿಂದಕ್ಕೆಳೆದು, ಕಣ್ಣಿಟ್ಟು, ಬೆರಳಿಟ್ಟು ನೋಡಬೇಕು. ದೇಸಾಯರು ಹೂಂ ಹೂಂ ಎಂದು ಗೋಣು ಹಾಕಿದರು. ಅವರ ಕಣ್ಣು ಹಿಡಿಕೆಯ ಮೇಲಿನ ಚಿತ್ತಾರದಲ್ಲಿತ್ತು. ದೊಡ್ಡದನ್ನು ಬಿಟ್ಟು ಅದನ್ನೇ ಒಯ್ದರು.

ಒಂದು ತಿಂಗಳಾದ ಮೇಲೆ, ನಡುಮಧ್ಯಾಹ್ನ, ದೇಸಾಯರು ಭಾವನನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಯಾರ ಆಯುಧ ಮೇಲು ಎಂದು ಸಾಬರು ತೀರ್ಪು ಹೇಳಬೇಕಂತೆ. ಚಹಾ ಬಂತು. ದೇಸಾಯರು ಪಿಸ್ತೂಲು ತೆಗೆದು ಡಬ್ಬಿ ಕಳಚಿದರು. ಖಾಲಿ ಎಂದು ಘೋಷಿಸಿ, ಕುದುರೆ ಎಷ್ಟು ನಯ ಎಂದು ತೋರಿಸಲು ಮುಷ್ಟಿ ಬಿಗಿದು ಕೈ ಚಾಚಿದರು. ನಳಿಕೆ ಎದುರಿದ್ದುದು ಖಾಸಿಂಸಾಬರ ಎದೆಗೆ. ಸಾಬರಿಗೆ ಕಾಣುತ್ತಿರಲಿಲ್ಲ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೂತಿದ್ದರು.

ಬಡೇಬೀ ಪರದೆಯ ಸಂದಿಯಿಂದ ನೋಡಿದಳು. ಖಟಕಾ ಕೆಳಗಿತ್ತು, ಎಂದರೆ ತಡೆ ಬಿಟ್ಟಿತ್ತು. ಪರಪುರುಷರು, ಸೆರಗು, ಮರ್ಯಾದೆ ಯಾವುದೂ ನೆನಪಾಗಲಿಲ್ಲ. ಹೊರಗೆ ಹಾರಿ ದೇಸಾಯರ ಮಣಿಕಟ್ಟು ಹಿಡಿದು ನೆಲಕ್ಕೆ ತಿರುವಿದಳು. ಪಿಸ್ತೂಲು ಕಸಿದುಕೊಂಡು ಮೇಲಿನ ಭಾಗ ಹಿಂದಕ್ಕೆಳೆದಳು. ಹಿತ್ತಾಳೆಯ ಕಾಡತೂಸೊಂದು ಹಾರಿ ಬಂದು ಭಾವನ ಚಹಾ ಕಪ್ಪಿನಲ್ಲಿ ಬಿತ್ತು.

ಭಾವ ಕಪ್ಪಿನೊಳಗೆ ಇಣುಕಿ ನೋಡಿ, ಅದನ್ನು ಮೆಲ್ಲಗೆ ಕೆಳಗಿಟ್ಟ. ದೇಸಾಯರು ಬಡೇಬೀಯ ಕಡೆ ತಿರುಗಿದರು.

“ಬೀಬೀ, ಹಂಗಾದ್ರ ನನಗ ಯಾವ ಬೋರು ಚಲೋ?”

“ನಿಮಗ ಬಡಿಗಿ ಚಲೋ, ದೇಸಾಯ್ರ. ಅದಕ್ಕ ಖಟಕಾ ಬೇಕಾಗಿಲ್ಲ.”

ಆಮೇಲೆ ಅವಳು ಗಂಡನ ಪಕ್ಕದಲ್ಲೇ ಗಾದಿಯ ಮೇಲೆ ಕೂತಳು. ಸಾಬರು ಅವಳ ಕೈ ತಡಕಿ ಹಿಡಿದು, ಏನಾಯಿತು ಎಂದು ಕೇಳಿದರು. ಏನಿಲ್ಲ, ಚಹಾ ಕುಡೀರಿ ಎಂದಳು. ಅಂದಿನಿಂದ ಅವಳು ಒಳಗೆ ಹೋಗಿ ಕೂರಲಿಲ್ಲ. ಮಸೀದಿಯ ಹಿರಿಯರೊಬ್ಬರು ಆಕ್ಷೇಪಿಸಲು ಬಂದರು. ತಮ್ಮ ಬಂದೂಕಿನ ಕೊಂಡಿ ಸರಿಮಾಡಿಸಿಕೊಂಡು ಹೋದರು.

ಮುಂದಿನ ವಾರ ದೇಸಾಯರ ಹೆಂಡತಿ ಗೋಪಮ್ಮ ಬಂದಳು. ಪಿಸ್ತೂಲನ್ನು ಕುಂಕುಮದ ಭರಣಿಯ ಜೊತೆ ಸೀರೆಯಲ್ಲಿ ಸುತ್ತಿ ತಂದಿದ್ದಳು. ಎರಡು ದಿನ ಕೂತು, ಎಳೆಯುವುದು, ನೋಡುವುದು, ಬೆರಳಿಡುವುದು ಎಲ್ಲ ಕಲಿತಳು. ಊರಿಗೆ ಹೋಗಿ ಪಿಸ್ತೂಲು ಒಂದು ಪೆಟ್ಟಿಗೆಯಲ್ಲಿ, ಕಾಡತೂಸು ಇನ್ನೊಂದರಲ್ಲಿ ಇಟ್ಟು, ಎರಡೂ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ. ಆ ಮನೆಯಲ್ಲಿ ಅಲ್ಲಿಂದ ಮುಂದೆ ಗಂಡಸರ ದನಿ ಸ್ವಲ್ಪ ತಗ್ಗಿತೆಂದು ಹಂಪಣ್ಣ ಹೇಳುತ್ತಿದ್ದ.

ನಲವತ್ತೆಂಟರಲ್ಲಿ ನಿಜಾಮರ ಆಳ್ವಿಕೆ ಮುಗಿದು ಹೊಸ ಸರಕಾರ ಆಯುಧಗಳನ್ನೆಲ್ಲ ಜಮಾ ಮಾಡಿಸಿಕೊಂಡಾಗ ಅಂಗಡಿ ಎರಡು ತಿಂಗಳು ಮುಚ್ಚಿತ್ತು. ಬಡೇಬೀ ಮತ್ತೆ ಬಾಗಿಲು ತೆಗೆದದ್ದು ಹೊಲಿಗೆ ಯಂತ್ರ ಮತ್ತು ಸೀಮೆಎಣ್ಣೆ ಸ್ಟೋವು ರಿಪೇರಿಗೆ. ಹೊಲಿಗೆ ಯಂತ್ರಗಳನ್ನು ಅವಳು ಮೆಚ್ಚಿದಳು. ಸ್ಟೋವುಗಳನ್ನು ಮಾತ್ರ ಕೊನೆಯವರೆಗೂ ನಂಬಲಿಲ್ಲ. ಯಾವಾಗ ಸಿಡಿಯುತ್ತದೋ ತಿಳಿಯದ, ತಡೆಯೇ ಇಲ್ಲದ ಇಂಥ ಸಾಮಾನನ್ನು ಲೈಸೆನ್ಸು ಕೇಳದೆ ಮನೆಮನೆಗೆ ಮಾರುತ್ತಾರಲ್ಲ ಎಂದು ಬೈಯುತ್ತಲೇ ಅವುಗಳ ಕಟ್ಟಿದ ತೂತಿಗೆ ಪಿನ್ನು ಹಾಕುತ್ತಿದ್ದಳು.