ಪ್ರಶ್ನಾರ್ಥಕ ಚಿಹ್ನೆಗಳಾದ ನನ್ನ ಫೈಲು

ಕಂಪ್ಯೂಟರಿನ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧ ಕೆಲಸಕ್ಕಾಗಿ ಕಲಿತದ್ದು. ಇನ್ನರ್ಧವನ್ನು ಒಬ್ಬ ಮನುಷ್ಯ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ನೋಡಬೇಕೆಂದು ಕಲಿತೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಾನು ಕುರಿಗಳಿಗೆ ಲಸಿಕೆ ಹಾಕುವವಳು. ಮನೆ ಗಡಿಯಾಚೆ, ಮರಾಠಿ ಸೀಮೆಯ ಉಮರಗಾದಲ್ಲಿ. ನಾನಿದ್ದ ಸಂಸ್ಥೆಯ ಕಚೇರಿ ಉದಗೀರದಲ್ಲಿತ್ತು. ನನಗೆ ಕೊಟ್ಟ ಹಳ್ಳಿಗಳು ನಿಲಂಗಾ ತಾಲೂಕಿನಲ್ಲಿ. ಬೆಳಿಗ್ಗೆ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಮರಳುವುದು ಸಂಜೆಗೇ. ಸಂಸ್ಥೆ ಕೊಟ್ಟ ರಿಜಿಸ್ಟರಿನಲ್ಲಿ ಮರಾಠಿಯ ಐದು ಕಾಲಮುಗಳಿದ್ದವು. ಹಳ್ಳಿ, ಯಜಮಾನ, ಕುರಿಗಳ ಸಂಖ್ಯೆ, ಲಸಿಕೆ, ಸಹಿ. ಆದರೆ ಕುರಿಗಾರರು ಒಂದೇ ಕಡೆ ಕೂರುವವರಲ್ಲ. ಈ ವಾರ ಯಾರ ಹೊಲದಲ್ಲಿ ಹಿಂಡು ಕೂಡಿಸಿದ್ದಾರೆ, ಮುಂದೆ ಎತ್ತ ಹೋಗುತ್ತಾರೆ, ಯಾವ ಕುರಿ ಗಬ್ಬಾಗಿದೆ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅದಕ್ಕೇ ನಾನು ಫೋನಿನಲ್ಲಿ ಬರೆಯತೊಡಗಿದೆ.

ನನ್ನ ಗಂಡನಿಗೆ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿಯಿದೆ. ಮೊದಲು ನಾನು ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದು ಅಪ್‌ಡೇಟ್ ಆದ ದಿನ ತಿಂಗಳ ಟಿಪ್ಪಣಿಯೆಲ್ಲ ಮಾಯವಾಯಿತು. ಆಗ ಅವನೇ ಹೇಳಿದ: "ಆ್ಯಪ್ ಗೀಪ್ ಬ್ಯಾಡ. ಸಾದಾ ಅಕ್ಷರದ ಫೈಲ್ ಮಾಡು. ಬಣ್ಣ ಇಲ್ಲ, ಚಿತ್ರ ಇಲ್ಲ, ಖರೆ. ಆದ್ರ ಹತ್ತು ವರ್ಷ ಬಿಟ್ಟು ಯಾವ ಕಂಪ್ಯೂಟರ್‌ದಾಗ ಹಾಕಿದ್ರೂ ತೆರಿತದ."

ಹಾಗೆ ಶುರುವಾಯಿತು. ಒಂದು ಕೆಲಸಕ್ಕೆ ಒಂದು ಸಾಲು. ಮೊದಲು ಗುರುತು, ಆಮೇಲೆ ತಾರೀಖು, ಹಳ್ಳಿ, ಮಾತು. ಮಾಡಬೇಕಾದ ಕೆಲಸಕ್ಕೆ ಅಡ್ಡಗೆರೆ, ಮುಗಿದದ್ದಕ್ಕೆ ಗುಣಾಕಾರದ ಚಿಹ್ನೆ. ಎರಡು ತಿಂಗಳಲ್ಲಿ ಇವೆರಡೇ ಸಾಲವು ಎಂದು ತಿಳಿಯಿತು. ನನ್ನ ಕೆಲಸ ಅರ್ಧಕ್ಕೆ ನಿಲ್ಲುತ್ತಿದ್ದದ್ದು ನನ್ನಿಂದಲ್ಲ, ಬೇರೆಯವರು ಹೇಳಿ ಮಾಡದೆ ಇದ್ದುದರಿಂದ. ಅದಕ್ಕೆ ಮೂರನೆಯ ಗುರುತು ಮಾಡಿಕೊಂಡೆ: "ಮಾ". ಮಾತು ಕೊಟ್ಟಿದ್ದಾರೆ ಎಂದು ಅರ್ಥ. ಕೊಟ್ಟ ಮಾತನ್ನು ಅವರು ಹೇಳಿದ ಹಾಗೇ, ಮರಾಠಿಯಾದರೆ ಮರಾಠಿಯನ್ನೇ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ದಿನದ ಸಾಲುಗಳನ್ನು ಸಂಜೆ ಅಂಗಡಿಯಲ್ಲಿ ಪೆನ್‌ಡ್ರೈವಿನ ದೊಡ್ಡ ಫೈಲಿಗೆ ಸೇರಿಸುತ್ತಿದ್ದೆ. ಅಂಗಡಿಯ ಕಂಪ್ಯೂಟರಿಗೆ ಹತ್ತಾರು ಜನರ ಕೈ ಬೀಳುವುದರಿಂದ ಅದರಲ್ಲಿ ಪ್ರತಿ ಇಡಲಿಲ್ಲ. ಆ ತಪ್ಪು ನನ್ನದು.

ನಮ್ಮ ಸಾಹೇಬರು, ಎಂದರೆ ಲಸಿಕೆಯ ಸ್ಟಾಕ್ ಹಂಚುವ ಮೇಲ್ವಿಚಾರಕರು, ಕಾಸಾರಶಿರಸಿ ಕಡೆಯವರು. ಮನೆಮಾತು ಕನ್ನಡವೇ. ಆದರೆ ಕಚೇರಿಯಲ್ಲಿ ಅವರ ಬಾಯಿಂದ ಒಂದು ಕನ್ನಡ ಅಕ್ಷರ ಬೀಳುತ್ತಿರಲಿಲ್ಲ. ಒಮ್ಮೆ ನನ್ನ ಫೋನು ಇಣುಕಿ ನೋಡಿ, "ಹೇ ಕಾಯ್ ಜಿಲೇಬಿ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. ಇದೇನು ಜಿಲೇಬಿ ಎಂದು. ನಮ್ಮ ದುಂಡು ಅಕ್ಷರ ಅವರಿಗೆ ಜಿಲೇಬಿ. ಸುತ್ತಲಿದ್ದವರೂ ನಕ್ಕರು. ಅವತ್ತು ನಾನು ಫೋನು ಚೀಲಕ್ಕೆ ಹಾಕಿಕೊಂಡು ಹೊರಟುಬಂದೆ.

ಕುರಿಗಳಿಗೆ ಕರುಳು ಬೇನೆ ಎಂಬ ರೋಗವಿದೆ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಹೊಟ್ಟೆ ಬಿರಿಯುವಂತೆ ತಿಂದ ಗಟ್ಟಿಮುಟ್ಟಾದ ಕುರಿಯೇ ನಿಂತಲ್ಲಿ ಬಿದ್ದು ಒದ್ದಾಡಿ ಸಾಯುತ್ತದೆ. ಮದ್ದು ಕೊಡಲೂ ಹೊತ್ತು ಸಿಗುವುದಿಲ್ಲ. ಮಳೆಗೆ ಮೊದಲೇ ಲಸಿಕೆ ಹಾಕುವುದೊಂದೇ ದಾರಿ. ಆ ವರ್ಷ ಏಪ್ರಿಲಿನಿಂದಲೇ ನಾನು ಸ್ಟಾಕ್ ಕೇಳತೊಡಗಿದೆ. ಬುಧವಾರ ಬರುತ್ತದೆ ಎಂದರು. ಸೋಮವಾರ ಎಂದರು. ಫ್ರಿಜ್ ಕೆಟ್ಟಿದೆ ಎಂದರು. ಕೊನೆಗೆ, "ನಿಮಗೊಬ್ಬರಿಗೇ ಅವಸರ ಯಾಕೆ?" ಎಂದು ಮರಾಠಿಯಲ್ಲಿ ಸಿಡುಕಿದರು.

ಜೂನಿನಲ್ಲಿ ಮಳೆ ಬಿತ್ತು. ನಾಲ್ಕನೇ ದಿನ ನಿಲಂಗಾದ ಆಚೆ ಹಿಂಡು ಕೂಡಿಸಿದ್ದ ಒಬ್ಬ ಮುದುಕಿಯ ಕಡೆಯಿಂದ ಫೋನು ಬಂತು. ಕಾಸಾರಶಿರಸಿ ಪಕ್ಕದ ಹಳ್ಳಿಯ ಕುರಿಗಾರ್ತಿ ಆಕೆ. ನಾನು ಆಯಿ ಎಂದು ಕರೆಯುತ್ತಿದ್ದೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಹದಿನಾಲ್ಕು ಕುರಿ ಕಾಲು ಚಾಚಿ ಬಿದ್ದಿದ್ದವು. ಆಯಿ ಒಂದೊಂದರ ಹಣೆಗೂ ಕುಲದೇವರು ಬೀರಪ್ಪನ ಅರಿಶಿನದ ಭಂಡಾರ ಹಚ್ಚುತ್ತಿದ್ದಳು. ಬದುಕಿದ್ದವಕ್ಕೂ, ಸತ್ತವಕ್ಕೂ.

"ಸೂಜಿ ಹಾಕ್ತೀನಿ ಅಂದಿದ್ದಿಯಲ್ಲ ಯವ್ವ," ಎಂದಳು. ಬಯ್ಯಲಿಲ್ಲ. ಅಷ್ಟೇ ಹೇಳಿ ಮತ್ತೊಂದು ಕುರಿಯ ಹತ್ತಿರ ಹೋದಳು. ಬೈದಿದ್ದರೆ ನನಗೆ ಅಷ್ಟು ಉರಿ ಹತ್ತುತ್ತಿರಲಿಲ್ಲವೇನೋ.

ವಾರದೊಳಗೆ ನನಗೆ ನೋಟಿಸು ಬಂತು. ಲಸಿಕೆ ಬೇಕೆಂದು ಕಾರ್ಯಕರ್ತೆ ಕೇಳಿಯೇ ಇಲ್ಲ, ಅದರಿಂದಲೇ ಈ ಸಾವು ಎಂದು ಸಾಹೇಬರು ಬರೆದಿದ್ದರು. ನಾನು ಪೆನ್‌ಡ್ರೈವ್ ಹಿಡಿದುಕೊಂಡು ಉದಗೀರಕ್ಕೆ ಹೋದೆ. "ಇದರಾಗ ಎಲ್ಲಾ ಅದರಿ. ನಾ ಯಾವಾಗ ಕೇಳಿದೆ, ನೀವು ಏನಂದ್ರಿ, ಎಲ್ಲಾ," ಎಂದೆ. ಸಾಹೇಬರ ಮುಖ ಒಂದು ಗಳಿಗೆ ಬಾಡಿತು. ಆಮೇಲೆ, ತಾವು ನೋಡಿ ಸಂಸ್ಥೆಯ ಅಧ್ಯಕ್ಷರಿಗೆ ತೋರಿಸುತ್ತೇನೆಂದು ಅದನ್ನು ತೆಗೆದಿಟ್ಟುಕೊಂಡರು.

ನಾಲ್ಕು ದಿನದ ಮೇಲೆ ಅಧ್ಯಕ್ಷರ ಕೋಣೆಗೆ ಕರೆ ಬಂತು. ಅಧ್ಯಕ್ಷರು ನಿವೃತ್ತ ಶಿಕ್ಷಕಿ, ಕನ್ನಡ ಬಾರದವರು. ಸಾಹೇಬರೇ ಫೈಲು ತೆರೆದರು. ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಸಾಲಿನ ಮೇಲೆ ಸಾಲು. ಅಲ್ಲಲ್ಲಿ ಒಂದು ಅಡ್ಡಗೆರೆ, ಒಂದು ಅಂಕಿ. ಎರಡು ವರ್ಷದ ನನ್ನ ಬರಹದಲ್ಲಿ ಉಳಿದದ್ದು ಅಷ್ಟೇ.

"ಇವರ ಹತ್ತಿರ ಉತ್ತರ ಇಲ್ಲಾಂತ ಫೈಲೇ ಪ್ರಶ್ನೆ ಕೇಳ್ತಿದೆ," ಎಂದು ಸಾಹೇಬರು ಮರಾಠಿಯಲ್ಲಿ ಚಟಾಕಿ ಹಾರಿಸಿದರು. ವಿಚಾರಣೆ ಮುಗಿಯುವವರೆಗೆ ಹಳ್ಳಿಗೆ ಹೋಗಬೇಡಿ ಎಂದು ಅಧ್ಯಕ್ಷರು ಪೆನ್‌ಡ್ರೈವ್ ಮರಳಿಸಿ ನನ್ನನ್ನು ಮನೆಗೆ ಕಳಿಸಿದರು. ಬಸ್ಸಿನಲ್ಲಿ ಉಮರಗಾ ಬರುವವರೆಗೂ ನಾನು ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ದವಡೆ ನೋಯುತ್ತಿತ್ತು.

ಗಂಡ ಪೆನ್‌ಡ್ರೈವ್ ನೋಡಿ ತಲೆಯಾಡಿಸಿದ. "ಇದು ತಾನೇ ಆಗಂಗಿಲ್ಲ," ಎಂದ. ಇಬ್ಬರೂ ಕೂತು ಪರೀಕ್ಷೆ ಮಾಡಿದೆವು. ಒಂದು ಕನ್ನಡ ಫೈಲು ಮಾಡಿ ತೆರೆದೆವು, ಮುಚ್ಚಿದೆವು, ಮತ್ತೆ ಉಳಿಸಿದೆವು. ಏನೂ ಆಗಲಿಲ್ಲ. ಫೈಲು ಪ್ರಶ್ನಾರ್ಥಕವಾಗಬೇಕಾದರೆ ಬೇರೆಯಾಗಿ ಉಳಿಸುವ ಕಿಟಕಿ ತೆರೆಯಬೇಕು. ಅದರಲ್ಲಿ ಇಂಗ್ಲಿಷ್ ಅಕ್ಷರವನ್ನಷ್ಟೇ ಹಿಡಿಯುವ ಹಳೆಯ ಬಗೆಯನ್ನು ಆರಿಸಬೇಕು. ಅಕ್ಷರಗಳು ಹಾಳಾಗುತ್ತವೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿದಾಗ ಹೌದು ಎಂದು ಒತ್ತಬೇಕು. ಮೂರು ಸಲ ಮನಸ್ಸು ಮಾಡಬೇಕು. ಮೂರನೆಯ ಸಲ ಆ ಎಚ್ಚರಿಕೆಯನ್ನು ಓದಿದಾಗ ನನ್ನ ಸಿಟ್ಟು ತಣ್ಣಗಾಯಿತು. ಹೋಗಲಿಲ್ಲ, ತಣ್ಣಗಾಗಿ ಗಟ್ಟಿಯಾಯಿತು.

"ಬಿಡು, ಬ್ಯಾರೆ ಕೆಲಸ ನೋಡೋಣು," ಎಂದ ಗಂಡ.

"ಬಿಡಂಗಿಲ್ಲ," ಎಂದೆ.

ಫೋನಿನ ಒಂದು ಮೂಲೆಯಲ್ಲಿ ದಿನದ ಚಿಕ್ಕ ಫೈಲುಗಳು ಅಳಿಸದೆ ಉಳಿದಿದ್ದವು. ಅಳಿಸಲು ಬೇಸರಪಟ್ಟಿದ್ದೇ ಒಳ್ಳೆಯದಾಯಿತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಕೂತು ಅವನ್ನೆಲ್ಲ ಒಂದೇ ಫೈಲಿಗೆ ಸುರಿದೆ. ತಾರೀಖಿನ ಪ್ರಕಾರ ಜೋಡಿಸಿದರೆ ಎರಡು ರಾಶಿಯಾದವು. ಕೆಲವು ದಿನ ಕನ್ನಡ ಅಂಕಿ, ಕೆಲವು ದಿನ ಇಂಗ್ಲಿಷ್ ಅಂಕಿ ಹಾಕಿದ್ದೆ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಒಂದೊಂದೇ ಅಂಕಿ ಬದಲಿಸಿ ರಾಶಿ ಒಂದು ಮಾಡಿದೆ.

ಲಸಿಕೆ ಕೇಳಿದಾಗಲೆಲ್ಲ ಸಾಲಿನಲ್ಲಿ "ಸ್ಟಾಕ್" ಎಂದು ಹಾಕಿ ಆಮೇಲೆ ಅವರ ಮಾತು ಬರೆದಿದ್ದೆ; ಇಡೀ ಪದ ಹೊಂದಿದರಷ್ಟೇ ತೋರಿಸು ಎಂದು ಒತ್ತಿ ಅದನ್ನು ಹುಡುಕಿದೆ. ಸಾಹೇಬರ ನಾಲ್ಕೇ ಮಾತು ಸಿಕ್ಕವು, ನಾಲ್ಕೂ ಏಪ್ರಿಲಿನವು. ಮೇ ತಿಂಗಳಲ್ಲಿ ಒಂದೂ ಇಲ್ಲ.

"ಮೇದಾಗ ನೀ ಕೇಳಿದ್ದು ನೆನಪದೇನು?" ಎಂದ ಗಂಡ ಮೆಲ್ಲಗೆ.

ಆ ಪ್ರಶ್ನೆಗೆ ನನಗೆ ಅವನ ಮೇಲೂ ಸಿಟ್ಟು ಬಂತು. ಒಂದು ಕ್ಷಣ ನನ್ನ ಮೇಲೇ ನನಗೆ ಅನುಮಾನವೂ ಬಂತು. ಹುಡುಕುವುದನ್ನು ಬಿಟ್ಟು ಮೇ ತಿಂಗಳ ಸಾಲುಗಳನ್ನು ಕಣ್ಣಿನಿಂದಲೇ ಓದುತ್ತ ಹೋದೆ. ಅಲ್ಲೇ ಇತ್ತು! ಸ್ಟಾಕ್ ಎಂದು ಅಚ್ಚಾಗಿ ಕೂತಿತ್ತು. ಮತ್ತೆ ಹುಡುಕಿದರೆ ಕಂಪ್ಯೂಟರ್ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಆ ಪದದ ಮೇಲೆ ಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತ ಹೋದಾಗ, ಕೊನೆಯಲ್ಲಿ ಒಂದು ಸಲ ಒತ್ತಿದರೂ ಮಿನುಗುವ ಗೆರೆ ಕದಲಲಿಲ್ಲ. ಅಲ್ಲಿ ಏನೋ ಇತ್ತು, ಕಣ್ಣಿಗೆ ಕಾಣದ್ದು.

ಮೇ ಮೊದಲ ವಾರ ನಾನು ಹೊಸ ಫೋನು ತೆಗೆದುಕೊಂಡು ಹಳೆಯದರ ಫೈಲುಗಳನ್ನೂ ಅದಕ್ಕೆ ಹಾಕಿಕೊಂಡಿದ್ದೆ. ಅದರ ಕೀಲಿಮಣೆ ಅರ್ಧ ಅಕ್ಷರದಿಂದ ಮುಗಿಯುವ ಪದಗಳ ಹಿಂದೆ ಕಾಣದ ಚಿಹ್ನೆಯೊಂದನ್ನು ಅಂಟಿಸುತ್ತಿತ್ತು. ಅದನ್ನು ಹುಡುಕಿ ಎಲ್ಲ ಕಡೆ ತೆಗೆಸಿ, ಮತ್ತೆ ಸ್ಟಾಕ್ ಎಂದು ಹುಡುಕಿದೆ. ಹದಿಮೂರು ಸಾಲು. ಹದಿಮೂರಕ್ಕೂ "ಮಾ" ಗುರುತು, ಹದಿಮೂರೂ ಸಾಹೇಬರ ಬಾಯಿಯ ಮಾತು. ನಾನು ಅಂಗಡಿಯಲ್ಲೇ ಗಟ್ಟಿಯಾಗಿ ನಕ್ಕೆ. ಅಫಿಡವಿಟ್ಟು ಬರೆಸಲು ಬಂದಿದ್ದ ಗಿರಾಕಿ ತಿರುಗಿ ನೋಡಿದ.

ಗಂಡ ಅಧ್ಯಕ್ಷರಿಗೆ ಅಂಚೆಯಲ್ಲಿ ಕಳಿಸೋಣ ಎಂದ. ನಾನು ಒಪ್ಪಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನನಗೆ ನ್ಯಾಯ ಬೇಕಿರಲಿಲ್ಲ. ಶ್ರಾವಣದಲ್ಲಿ ನಿಲಂಗಾದಲ್ಲಿ ಕುರಿಗಾರರ ಸಭೆಯಿತ್ತು. ಮೂರು ವಾರ ಕಾದೆ. ಆ ಮೂರು ವಾರ ವಿಚಾರಣೆಗೆಂದು ಉದಗೀರಕ್ಕೆ ಹೋದಾಗ ಸಾಹೇಬರು ಎದುರಾದಾಗಲೆಲ್ಲ ಕೈ ಮುಗಿದೆ.

ಸಭೆಗೆ ಐವತ್ತು ಅರವತ್ತು ಜನ ಬಂದಿದ್ದರು. ಕಂಬಳಿ ಹೊದ್ದವರು, ಹಣೆಗೆ ಭಂಡಾರ ಹಚ್ಚಿದವರು. ಆಯಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಸತ್ತ ಕುರಿಗಳ ಮಾತು ಬಂದಾಗ ಸಾಹೇಬರು ಎದ್ದು, ಕೆಲಸದವರ ಅಲಕ್ಷ್ಯ ಎಂದರು. ನಾನು ಎದ್ದೆ. ಮುದ್ರಿಸಿದ ಎರಡು ಹಾಳೆ ಅಧ್ಯಕ್ಷರ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಇದು ನನಗೆ ಬರುವುದಿಲ್ಲವಲ್ಲ ಎಂದರು.

"ಸಾಹೇಬರು ಓದ್ತಾರ್ರಿ," ಎಂದೆ.

"ನನಗೆ ಕನ್ನಡ ಓದೋಕೆ ಬರಲ್ಲ," ಎಂದು ಅವರು ಮರಾಠಿಯಲ್ಲಿ ಅಂದರು.

ಆಯಿ ಕೂತಲ್ಲಿಂದಲೇ ದನಿ ಎತ್ತಿದಳು. "ಯಾಕ ಬರಂಗಿಲ್ಲೋ ತಮ್ಮಾ? ನಮ್ಮೂರ ಕನ್ನಡ ಸಾಲ್ಯಾಗ ಏಳನೇ ಇಯತ್ತೆ ತನಕ ಕಲ್ತಿಯಲ್ಲ. ನಿಮ್ಮವ್ವ ನಿನ್ನ ಕೈ ಹಿಡ್ಕೊಂಡು ನಮ್ಮ ಹಟ್ಟಿ ಮುಂದಿಂದೇ ಹೋಗ್ತಿದ್ದಳು."

ಜನ ನಕ್ಕರು. ಅಧ್ಯಕ್ಷರು ಹಾಳೆಗಳನ್ನು ಸಾಹೇಬರ ಕಡೆ ಸರಿಸಿದರು. "ಓದಿ. ಓದಿ ನನಗೆ ಮರಾಠಿಯಲ್ಲಿ ಹೇಳಿ."

ಅವರು ಓದಿದರು. ಎರಡೂ ಭಾಷೆ ಬಲ್ಲ ಅರವತ್ತು ಜನರ ಮುಂದೆ ತಪ್ಪು ಹೇಳುವ ಹಾಗಿರಲಿಲ್ಲ. "ಸ್ಟಾಕ್ ಬುಧವಾರ ಬರ್ತದ." "ಸೋಮವಾರ ಪಕ್ಕಾ." "ಫ್ರಿಜ್ ಕೆಟ್ಟದ." ಫೋನಿನಲ್ಲಿ ಒಬ್ಬರೇ ಇದ್ದಾಗ ನನ್ನೊಂದಿಗೆ ಕನ್ನಡದಲ್ಲೇ ಆಡಿದ ಮಾತುಗಳು ಅವು. ಒಂಬತ್ತನೆಯ ಸಾಲಿಗೆ ಅವರು ಹಾಳೆ ಕೆಳಗಿಟ್ಟರು. "ಮುಂದ ಓದ್ರಿ," ಎಂದೆ. ಹನ್ನೊಂದನೆಯದು: "ಕುರಿ ಸತ್ರ ಸಾಯ್ಲಿ, ನಮ್ಮ ಮನ್ಯಾವೇನು?" ಅದನ್ನು ಓದಿ ನಿಲ್ಲಿಸಿದರು. ಮರಾಠಿಯಲ್ಲಿ ಹೇಳಿ ಎಂದು ಅಧ್ಯಕ್ಷರು ಮತ್ತೊಮ್ಮೆ ಅಂದರು. ಹೇಳಿದರು.

ಆಮೇಲೆ ನಾನು ಅಧ್ಯಕ್ಷರ ಲ್ಯಾಪ್‌ಟಾಪಿನಲ್ಲೇ ಒಂದು ಕನ್ನಡ ಫೈಲನ್ನು ಪ್ರಶ್ನಾರ್ಥಕ ಮಾಡಿ ತೋರಿಸಿದೆ. ಮೂರೂ ಹೆಜ್ಜೆ, ನಿಧಾನವಾಗಿ. ಕೊನೆಯ ಎಚ್ಚರಿಕೆಯನ್ನು ಅಧ್ಯಕ್ಷರೇ ಗಟ್ಟಿಯಾಗಿ ಓದಿದರು. ಓದಿ ಸಾಹೇಬರ ಮುಖ ನೋಡಿದರು. ಅವರು ತಲೆ ತಗ್ಗಿಸಿದರು. ನನಗೆ ಬೇಕಾದದ್ದು ಅದೇ. ಕಣ್ತುಂಬ ನೋಡಿದೆ.

ಅಧ್ಯಕ್ಷರು ನೋಟಿಸನ್ನು ಅಲ್ಲೇ ಹರಿದುಹಾಕಿದರು. ಸ್ಟಾಕಿನ ಕೆಲಸ ಅವರ ಕೈತಪ್ಪಿತು. ಇನ್ನೇನು ಬೇಕು ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ನಾನು ಸಾಹೇಬರಿಂದ ಕ್ಷಮೆ ಕೇಳಿಸುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು. "ಆಯಿ ಹಿಂಡಿಗಿ ಸೂಜಿ ಹಾಕೋ ದಿನ ಕುರಿ ಹಿಡಿಯಾಕ ಒಬ್ಬರು ಬೇಕ್ರಿ. ಸಾಹೇಬರು ಬರ್ಲಿ," ಎಂದೆ.

ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬೆಳಿಗ್ಗೆಯಿಂದ ಬಿಸಿಲು ಇಳಿಯುವ ತನಕ ಒಂದೊಂದೇ ಕುರಿಯನ್ನು ತೊಡೆಯ ನಡುವೆ ಒತ್ತಿ ಹಿಡಿದರು, ನಾನು ಸೂಜಿ ಚುಚ್ಚಿದೆ. ಎರಡು ಸಲ ಒದೆಸಿಕೊಂಡರು. ಹಿಕ್ಕೆ, ಗಂಜಳ, ಉಣ್ಣೆಯ ಜಿಡ್ಡು ಎಲ್ಲ ಮೈಮೇಲೆ. ನನ್ನ ಬಾಟಲಿಯ ನೀರನ್ನು ಅವರೆದುರೇ ಕುಡಿದು ಮುಚ್ಚಳ ಹಾಕಿದೆ.

ಆಯಿ ಮಾತ್ರ ತಂಬಿಗೆಯಲ್ಲಿ ಮಜ್ಜಿಗೆ ತಂದು ಅವರ ಕೈಗಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಅವರು ಆಚೆ ಹೋದಾಗ ಕೇಳಿಯೇಬಿಟ್ಟೆ. "ಹದಿನಾಲ್ಕು ಕುರಿ ಕೊಂದವಗ ಮಜ್ಜಿಗಿ ಕೊಡ್ತಿಯಲ್ಲ ಆಯಿ?"

"ಕುರಿ ನಂದು ಸತ್ತಾವ. ಮಜ್ಜಿಗಿನೂ ನಂದೇ," ಎಂದಳು ಆಯಿ. "ನಿನ್ನ ಸಿಟ್ಟು ನೀ ಇಟ್ಕೋ ಯವ್ವ, ನಾ ಬ್ಯಾಡ ಅಂದೇನೇನು?"

ನಾನು ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದೆ. ಆ ತಿಂಗಳ ಕೊನೆಗೆ ಸಾಹೇಬರು ಕೆಲಸ ಬಿಟ್ಟು ಜಳಕೋಟದ ಕಡೆ ಎಲ್ಲೋ ಸೇರಿಕೊಂಡರೆಂದು ಕೇಳಿದೆ. ಸುದ್ದಿ ಹೇಳಿದ ಗಂಡ ನನ್ನ ಮುಖ ನೋಡಿ, "ಈಗರೆ ಸಮಾಧಾನ ಆತಿಲ್ಲೋ?" ಎಂದ.

ನಾನು ಫೋನಿನಲ್ಲಿ ನಾಳೆಯ ಹಳ್ಳಿಯ ಸಾಲಿಗೆ ಅಡ್ಡಗೆರೆ ಹಾಕಿದೆ.

"ಇಲ್ಲ," ಎಂದೆ.