ವೀಳ್ಯದೆಲೆಯ ಮೇಲೆ ಕುಂಕುಮದ ಭರಣಿ

ದೆವ್ವ, ಆತ್ಮ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಸುಡುಗಾಡಿನ ಪಕ್ಕದ ಗದ್ದೆಗೆ ಒಬ್ಬನೇ ನೀರು ಕಟ್ಟಿದವನಿಗೆ ಏನು ಕಥೆ ಹೇಳುತ್ತೀರಿ ಎನ್ನುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಗೇಲಿ ಮಾಡುವುದನ್ನು ಬಿಟ್ಟಿದ್ದೇನೆ.

ಗಾವಡಗೆರೆ ಹತ್ತಿರದ ನಮ್ಮೂರಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ವರ್ಷಕ್ಕೊಂದು ನಾಟಕ ಆಡುತ್ತೇವೆ. ಶಾಲೆಯ ಜಗಲಿಯೇ ರಂಗ. ಬಣ್ಣ ಹಚ್ಚಿದವರಿಗೆ ಕರಪತ್ರದಲ್ಲಿ ಫೋಟೊ, ಕೊರಳಿಗೆ ಹಾರ. ಪರದೆಯ ಹಿಂದೆ ದುಡಿಯುವವರಿಗೆ ಮಿಕ್ಕ ಟೀ. ನಿಂಗಣ್ಣ ಮಾವ ಮೂವತ್ತು ವರ್ಷ ಆ ಮಿಕ್ಕ ಟೀ ಕುಡಿದವರು. ಸಂಬಂಧದಲ್ಲಿ ಮಾವನಲ್ಲ, ಊರ ವಾಡಿಕೆ. ಹಿಂದಿನ ಕೋಣೆಯಲ್ಲಿ ಬೆಂಚು ಹಾಕಿ ಕತ್ತಿ, ಓಲೆ, ತಟ್ಟೆ ಎಲ್ಲವನ್ನೂ ದೃಶ್ಯದ ಕ್ರಮದಲ್ಲಿ ಜೋಡಿಸುತ್ತಿದ್ದರು. ಕರೆಂಟು ಹೋದರೂ ಕೈಯಾಡಿಸಿ ಬೇಕಾದದ್ದನ್ನೇ ಎತ್ತಿ ಕೊಡುತ್ತಿದ್ದರು. ಕುಂಕುಮದ ಭರಣಿಯನ್ನು ಮಾತ್ರ ಬರಿ ಬೆಂಚಿನ ಮೇಲೆ ಇಟ್ಟವರಲ್ಲ, ಕೆಳಗೊಂದು ವೀಳ್ಯದೆಲೆ ಹಾಕಬೇಕು. "ನಾಟ್ಕದ್ದಾದ್ರೂ ಕುಂಕ್ಮ ಕುಂಕ್ಮಾನೇ ಕಣಪ್ಪ" ಎನ್ನುತ್ತಿದ್ದರು.

ಒಂದು ವರ್ಷ, ಯುದ್ಧಕ್ಕೆ ಹೊರಟ ಮಗನಿಗೆ ತಾಯಿ ತಿಲಕ ಇಡುವ ದೃಶ್ಯದಲ್ಲಿ ಭರಣಿ ಸಿಗಲಿಲ್ಲ. ತಾಯಿಯ ಪಾತ್ರದವಳು ಬರಿ ಬೆರಳನ್ನೇ ಹಣೆಗೆ ಒತ್ತಿದಳು. ಜನ ಶಿಳ್ಳೆ ಹೊಡೆದರು. ನಾಟಕದ ಉಸ್ತುವಾರಿ ನನ್ನದು, ಸಿಟ್ಟು ನೆತ್ತಿಗೇರಿತು. ಎಲ್ಲರೆದುರೇ, "ಮಾವ, ನಿಮ್ಗೆ ವಯಸ್ಸಾಯ್ತು. ಬರೋ ವರ್ಸದಿಂದ ಮುಂದ್ಗಡೆ ಕೂತು ನಾಟ್ಕ ನೋಡಿ, ಸಾಕು" ಎಂದುಬಿಟ್ಟೆ.

"ಇಟ್ಟಿದ್ದೆ ಅಂತ ಗ್ಯಾಪ್ಕ ಕಣಪ್ಪ. ಆಗ್ಲಿ ಬುಡು" ಎಂದು ಹೆಗಲ ಟವೆಲಿನಿಂದ ಬೆಂಚು ಒರೆಸಿ ಮನೆಗೆ ಹೋದರು.

ಮಾರನೇ ಬೆಳಿಗ್ಗೆ ಭರಣಿ ನಾನು ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಮುಚ್ಚಳ ಸಡಿಲವಾಗಿದೆ ಎಂದು ಹಿಂದಿನ ದಿನ ನಾನೇ ಬೆಂಚಿನಿಂದ ಎತ್ತಿ ತಂದು ಕೆಂಪು ದಾರ ಸುತ್ತಿದ್ದೆ. ಅಂಗಿ ಬದಲಿಸುವಾಗ ಮರೆತಿದ್ದೆ.

ಆಗಲೇ ಹೋಗಿ ಹೇಳಬೇಕಿತ್ತು. ಇವತ್ತು, ನಾಳೆ ಎಂದು ದೂಡಿದೆ. ಮಾವ ಎದುರು ಬಂದರೆ ದಾರಿ ಬದಲಿಸುತ್ತಿದ್ದೆ. ಅವರು ಮತ್ತೆ ಪ್ರಾಕ್ಟೀಸಿನ ಕಡೆ ತಲೆ ಹಾಕಲಿಲ್ಲ. ಮುಂದಿನ ನಾಟಕಕ್ಕೆ ತಿಂಗಳಿದೆ ಎನ್ನುವಾಗ ತೀರಿಕೊಂಡರು. ಮಣ್ಣಿಗೆ ಹೋದೆ. ಅವರ ಹೆಂಡತಿ, ನಾವು ಅತ್ತೆ ಎನ್ನುತ್ತೇವೆ, ನನ್ನ ಕೈ ಹಿಡಿದು, "ನಾನೇ ಎಲ್ಲೋ ಕಳ್ದಾಕ್ಬುಟ್ಟೆ ಅಂತ ಕಡೇಗಂಟ ಕೊರಗುದ್ರು ಕಣಪ್ಪ" ಎಂದರು. ಆಗಲೂ ನಿಜ ಹೇಳದೆ ಕೈ ಬಿಡಿಸಿಕೊಂಡು ಬಂದೆ.

ಆ ವರ್ಷವೂ ಅದೇ ನಾಟಕ, ಬೆಂಚು ಜೋಡಿಸಿದವನು ನಾನೇ. ಹಳೆಯ ಭರಣಿ ಖಾಲಿಯಾಗಿ ನಮ್ಮ ಮನೆಯ ಟ್ರಂಕಿನ ತಳದಲ್ಲಿತ್ತು. ಅದನ್ನು ಮುಟ್ಟಲು ಮನಸ್ಸಾಗದೆ ಹುಣಸೂರಿನಿಂದ ಹೊಸದು ತಂದಿದ್ದೆ. ಮಧ್ಯಾಹ್ನ ಎಲ್ಲ ಇಟ್ಟು, ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋದೆ.

ಬಂದು ಬೀಗ ತೆಗೆದರೆ ಹೊಸದರ ಪಕ್ಕ ಹಳೆಯ ಭರಣಿ ಇತ್ತು. ಕೆಂಪು ದಾರ, ನಾನು ಹಾಕಿದ ಗಂಟು. ಖಾಲಿಯಾಗಿದ್ದದ್ದರಲ್ಲಿ ಕುಂಕುಮ ತುಂಬಿತ್ತು. ಕೆಳಗೆ ವೀಳ್ಯದೆಲೆ, ಇನ್ನೂ ಬಾಡಿರಲಿಲ್ಲ. ಮನೆಗೆ ಓಡಿ ಟ್ರಂಕು ಬಗೆದೆ, ಭರಣಿ ಇರಲಿಲ್ಲ. ಅಂಥದ್ದೊಂದು ಅಲ್ಲಿದ್ದದ್ದೇ ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಕೋಣೆಯ ಬೀಗಕ್ಕೆ ಇದ್ದದ್ದು ಒಂದೇ ಕೀಲಿಕೈ, ಅದು ನನ್ನ ಜೇಬಿನಲ್ಲಿತ್ತು.

ಸಂಜೆ ತಾಯಿ ಅದೇ ಭರಣಿಯಿಂದ ಮಗನಿಗೆ ತಿಲಕ ಇಟ್ಟಳು. ಯಾರೂ ನಗಲಿಲ್ಲ. ಪರದೆಯ ಮರೆಯಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಕಿಟಕಿ, ಹೆಂಚು ಎಲ್ಲ ಪರೀಕ್ಷಿಸಿ ನೋಡಿದ್ದೇನೆ, ಉತ್ತರ ಸಿಕ್ಕಿಲ್ಲ. ಮಾವ ಕ್ಷಮಿಸಿ ಇಟ್ಟರೋ, ಇನ್ನಾದರೂ ಹೇಳು ಎಂದು ಇಟ್ಟರೋ, ಅದೂ ತಿಳಿಯದು. ಅತ್ತೆ ಪ್ರತಿ ವರ್ಷ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಭರಣಿ ನನ್ನ ಜೇಬಿನಲ್ಲಿತ್ತು ಎಂಬುದನ್ನು ಹೊರಗೆ ಹಾಕುತ್ತಿರುವುದು ಇದೇ ಮೊದಲು. ಅದೂ ಬರಹದಲ್ಲಿ. ಅತ್ತೆಗೆ ಓದಲು ಬರುವುದಿಲ್ಲ.